ಕೋಟಿ ಡಿಗ್ರಿಯ ಥರ್ಮಾಮೀಟರು

ಲಿಬಿಯಾದ ಎಲ್ ಅಜೀಜಿಯಾ ಎಂಬಲ್ಲಿ 1922ರಲ್ಲಿ ದಾಖಲಾದ 58 ಡಿಗ್ರಿ ಸೆಲ್ಸಿಯಸ್, ಭೂಮಿಯ ಮೇಲಿನ ಅತಿ ಹೆಚ್ಚಿನ ಬಿಸಿಲೆಂದು ತೊಂಬತ್ತು ವರ್ಷ ಮೆರೆಯಿತು. ಥರ್ಮಾಮೀಟರು ಓದಿದವರೇ ಎಡವಿರಬೇಕೆಂದು 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ಕೈಬಿಟ್ಟಿತು. ಈಗಿನ ಪಟ್ಟ ಕ್ಯಾಲಿಫೋರ್ನಿಯದ ಡೆತ್ ವ್ಯಾಲಿಗೆ: 1913ರ 56.7 ಡಿಗ್ರಿ. ಪಾದರಸದ ಅಳತೆಯಲ್ಲೇ ಇಷ್ಟು ತಕರಾರು. ಪಾದರಸ ಕುದಿದು ಆವಿಯಾಗುವುದು 357 ಡಿಗ್ರಿಯಲ್ಲಿ. ಅದರಾಚೆಗಿನ ತಾಪವನ್ನು ಅಳೆಯುವುದು ಹೇಗೆ? ಅತಿ ಹೆಚ್ಚಿನ ತಾಪಗಳನ್ನು ಅಳೆದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಪ್ರಶ್ನೆಯ ಇತಿಹಾಸವೇ.

ಇಂಗ್ಲೆಂಡಿನ ಪಿಂಗಾಣಿ ಉದ್ಯಮಿ ಜೊಸೈಯಾ ವೆಜ್‌ವುಡ್ 1782ರಲ್ಲಿ ಒಂದು ಉಪಾಯ ಮಾಡಿದ. ಮಣ್ಣಿನ ಬಿಲ್ಲೆಗಳನ್ನು ಭಟ್ಟಿಗೆ ಹಾಕಿ, ಅವು ಎಷ್ಟು ಕುಗ್ಗಿದವೆಂದು ನೋಡಿ ತಾಪವನ್ನು ಅಂದಾಜು ಮಾಡುವುದು. ಅವನ ಅಂಕಿಗಳು ವಾಸ್ತವಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿದ್ದವು. ಆದರೂ ಕುಂಬಾರಿಕೆಯ ಕೆಲಸಕ್ಕೆ ಅಷ್ಟು ಸಾಕಿತ್ತು.

ಸೂರ್ಯನೊಳಗೆ ಬಿಲ್ಲೆ ಹಾಕುವಂತಿಲ್ಲವಲ್ಲ. 19ನೇ ಶತಮಾನದಲ್ಲಿ ಸೂರ್ಯನ ತಾಪದ ಬಗ್ಗೆ ವಿದ್ವಾಂಸರು ಕೊಟ್ಟ ಅಂದಾಜುಗಳು ಒಂದೂವರೆ ಸಾವಿರ ಡಿಗ್ರಿಯಿಂದ ಕೋಟಿ ಡಿಗ್ರಿಯವರೆಗೆ ಹರಡಿದ್ದವು. ಈ ಗೊಂದಲಕ್ಕೆ ತೆರೆ ಎಳೆದವನು ವಿಯೆನ್ನಾದ ಯೋಸೆಫ್ ಸ್ಟೆಫಾನ್. ಕಾದ ವಸ್ತು ಸೂಸುವ ಶಕ್ತಿ ಅದರ ನಿರಪೇಕ್ಷ ತಾಪದ (ಕೆಲ್ವಿನ್ ಲೆಕ್ಕದ) ನಾಲ್ಕನೇ ಘಾತಕ್ಕೆ ಅನುಗುಣ ಎಂಬ ನಿಯಮವನ್ನು ಅವನು 1879ರಲ್ಲಿ ಮಂಡಿಸಿದ. ಸೊರೆ ಎಂಬ ವಿಜ್ಞಾನಿ ಅದಕ್ಕೂ ಮೊದಲೇ ಕಾಯಿಸಿದ ಲೋಹದ ತಗಡನ್ನು, ಅದು ಸೂರ್ಯಬಿಂಬದಷ್ಟೇ ಅಗಲವಾಗಿ ಕಾಣುವ ದೂರದಲ್ಲಿಟ್ಟು ಹೋಲಿಸಿದ್ದ. ಸೂರ್ಯನಿಂದ ಬಂದ ಶಕ್ತಿ ತಗಡಿನದಕ್ಕಿಂತ 29 ಪಟ್ಟು. ಅದರ ಮೂರನೇ ಒಂದು ಪಾಲನ್ನು ಗಾಳಿ ದಾರಿಯಲ್ಲೇ ನುಂಗಿರುತ್ತದೆಂದು ಸ್ಟೆಫಾನ್ ಲೆಕ್ಕ ಹಿಡಿದ. 29 ಹೋಗಿ ನಲವತ್ಮೂರೂವರೆ ಆಯಿತು. ಅದರ ನಾಲ್ಕನೇ ಮೂಲ ಸುಮಾರು 2.57. ಅಂದರೆ ಸೂರ್ಯನ ಮೇಲ್ಮೈಯ ತಾಪ ತಗಡಿನ ತಾಪದ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಉತ್ತರ ಬಂದದ್ದು ಸುಮಾರು 5,430 ಡಿಗ್ರಿ. ಇಂದಿನ ಅಳತೆ ಸುಮಾರು 5,500. ಕಾಗದ, ಪೆನ್ಸಿಲು, ಇನ್ನೊಬ್ಬನ ತಗಡು ಇಷ್ಟರಲ್ಲೇ ಸಾಧಿಸಿದ್ದು ಇದು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಘಟ್ಟ.

ನಂತರ ನಕ್ಷತ್ರಗಳ ಸರದಿ. ಎಷ್ಟು ಕಾವಿಗೆ ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆಂದು ಹೇಳುವ ಸಮೀಕರಣವನ್ನು ಮೇಘನಾದ ಸಹಾ 1920ರಲ್ಲಿ ಕೊಟ್ಟರು. 1925ರಲ್ಲಿ ಸಿಸಿಲಿಯಾ ಪೇನ್ ಅದನ್ನು ಬಳಸಿ ನಕ್ಷತ್ರಗಳ ತಾಪಮಾನಗಳನ್ನು ಹೊಂದಿಸಿದರು. ನಕ್ಷತ್ರದ ಬೆಳಕಿನ ರೋಹಿತದಲ್ಲಿ (ಸ್ಪೆಕ್ಟ್ರಮ್) ಕಾಣುವ ಗೆರೆಗಳೇ ಥರ್ಮಾಮೀಟರಾದವು.

ಆ ಗೆರೆಗಳೇ ಒಂದು ಒಗಟನ್ನೂ ತಂದಿಟ್ಟವು. 1869ರ ಗ್ರಹಣದಲ್ಲಿ ಸೂರ್ಯನ ಹೊರಕವಚವಾದ ಕರೋನಾದಲ್ಲಿ ಹಸಿರು ಗೆರೆಯೊಂದು ಕಂಡಿತ್ತು. ಯಾವ ಮೂಲವಸ್ತುವಿಗೂ ಹೊಂದದ್ದರಿಂದ ಅದಕ್ಕೆ ‘ಕರೋನಿಯಮ್’ ಎಂದು ಹೆಸರಿಟ್ಟು ಎಪ್ಪತ್ತು ವರ್ಷ ಹುಡುಕಿದರು. 1940ರ ಆಸುಪಾಸಿನಲ್ಲಿ ಗ್ರೋಟ್ರಿಯಾನ್ ಮತ್ತು ಎಡ್ಲೆನ್ ಎಂಬ ವಿಜ್ಞಾನಿಗಳು ಗುಟ್ಟು ಬಿಡಿಸಿದರು: ಅದು ಮಾಮೂಲಿ ಕಬ್ಬಿಣ. ತನ್ನ 26 ಎಲೆಕ್ಟ್ರಾನುಗಳಲ್ಲಿ 13 ಕಳೆದುಕೊಂಡಿತ್ತು, ಅಷ್ಟೇ. ಅದಕ್ಕೆ ಹತ್ತು ಲಕ್ಷ ಡಿಗ್ರಿಗೂ ಮೀರಿದ ಕಾವು ಬೇಕು. ಒಲೆಯಿಂದ ದೂರ ಸರಿದಷ್ಟೂ ಸೆಕೆ ಏರಿದ ಹಾಗಾಯಿತು!

ಒಡಲಲ್ಲಿ ಒಂದೂವರೆ ಕೋಟಿ ಡಿಗ್ರಿ ಹೊತ್ತ ಸೂರ್ಯನನ್ನು ಮನುಷ್ಯ ಮೊದಲು ಸರಿಗಟ್ಟಿದ್ದು ಬಾಂಬಿನಲ್ಲಿ. ಆ ಅಧ್ಯಾಯವನ್ನು ಹಿಗ್ಗಿನಿಂದ ಬರೆಯಲು ಮನಸ್ಸಾಗದು. ಹೆಚ್ಚು ಸ್ವಾರಸ್ಯ ಟೋಕಮಾಕ್ ಎಂಬ ಯಂತ್ರದ ಕಥೆಯದು. ಅದರ ಕಾಂತಕ್ಷೇತ್ರದಲ್ಲಿ ಹಿಡಿದಿಟ್ಟ ಪ್ಲಾಸ್ಮಾ (ಎಲೆಕ್ಟ್ರಾನ್ ಕಳಚಿದ ಅನಿಲ) ಕೋಟಿ ಡಿಗ್ರಿ ಮುಟ್ಟಿದೆ ಎಂದು ಸೋವಿಯತ್ ವಿಜ್ಞಾನಿಗಳು 1968ರಲ್ಲಿ ಸಾರಿದಾಗ ಪಶ್ಚಿಮದವರು ನಂಬಲಿಲ್ಲ. ‘ನೀವೇ ಬಂದು ಅಳೆಯಿರಿ’ ಎಂದು ಮಾಸ್ಕೋ ಕರೆಯಿತು. ಶೀತಲ ಸಮರದ ನಡುವೆಯೇ ಬ್ರಿಟನ್ನಿನ ಕಲ್ಹಮ್ ಪ್ರಯೋಗಾಲಯದವರು ಟನ್ನುಗಟ್ಟಲೆ ಲೇಸರ್ ಸಲಕರಣೆ ಹೊತ್ತು ಹೋದರು. ಪ್ಲಾಸ್ಮಾದಿಂದ ಚದುರಿದ ಲೇಸರ್ ಬೆಳಕಿನ ತರಂಗಾಂತರ ಎಷ್ಟು ಹರಡಿದೆಯೆಂದು ನೋಡಿ, ರಷ್ಯನ್ನರ ಮಾತು ನಿಜವೆಂದು 1969ರಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ಯಂತ್ರ 51 ಕೋಟಿ ಡಿಗ್ರಿ ತಲುಪಿತು.

ಪ್ರಕೃತಿಯೇನು ಸುಮ್ಮನಿರಲಿಲ್ಲ. 1987ರಲ್ಲಿ ಸ್ಫೋಟಿಸಿದ ನಕ್ಷತ್ರದಿಂದ ಜಪಾನ್ ಮತ್ತು ಅಮೆರಿಕದ ಭೂಗತ ಉಪಕರಣಗಳಿಗೆ ಸಿಕ್ಕಿದ್ದು ಇಪ್ಪತ್ತರ ಆಸುಪಾಸಿನ ನ್ಯೂಟ್ರಿನೊ ಕಣಗಳು. ನಕ್ಷತ್ರದ ಗರ್ಭ ಸಾವಿರಾರು ಕೋಟಿ ಡಿಗ್ರಿ ಕಾದಿತ್ತೆಂದು ಹೇಳಲು ಅಷ್ಟೇ ಸಾಕಾಯಿತು.

ಈಚಿನ ದಾಖಲೆಗಳು ಕಣವೇಗವರ್ಧಕಗಳವು. ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ನಿನಲ್ಲಿ ಚಿನ್ನದ ಪರಮಾಣುಬೀಜಗಳನ್ನು ಡಿಕ್ಕಿ ಹೊಡೆಸಿ ಸುಮಾರು 4 ಲಕ್ಷ ಕೋಟಿ ಡಿಗ್ರಿ ತಲುಪಿದ್ದಾಗಿ 2010ರಲ್ಲಿ ಪ್ರಕಟಿಸಿದರು. ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಸೀಸದ ಪರಮಾಣುಬೀಜಗಳ ಡಿಕ್ಕಿ 2012ರಲ್ಲಿ 5 ಲಕ್ಷ ಕೋಟಿಯನ್ನೂ ದಾಟಿತೆಂಬ ಸುದ್ದಿ ಬಂತು. ಅಲ್ಲಿ ಪ್ರೋಟಾನುಗಳೇ ಕರಗಿ ಅವುಗಳೊಳಗಿನ ಕ್ವಾರ್ಕ್‌ಗಳ ಸಾರಾಗುತ್ತವೆ. ಆ ಸರ್ನ್ ಪ್ರಯೋಗದಲ್ಲಿ ಭಾರತೀಯರ ಪಾಲೂ ಇದೆ. ಈ ಡಿಕ್ಕಿಗಳಲ್ಲಿ ಅಳೆದದ್ದು ಹೊರಬಿದ್ದ ಫೋಟಾನುಗಳ ಶಕ್ತಿಯನ್ನು. ತಾಪದ ಅಂಕಿ ಅದರಿಂದ ಸಿದ್ಧಾಂತದ ಮೂಲಕ ಇಳಿಸಿಕೊಂಡದ್ದು. ಹಾಗಾಗಿ ಈ ಅಂಕಿಗಳನ್ನು ಜ್ವರದ ಅಳತೆಯಷ್ಟು ಖಚಿತವೆಂದು ಭಾವಿಸುವುದು ಸರಿಯಲ್ಲ.

ಈ ಲಕ್ಷ ಕೋಟಿಗಳ ಮುಂದೆ ಕರೋನಾದ ಹತ್ತಿಪ್ಪತ್ತು ಲಕ್ಷ ಏನೂ ಅಲ್ಲ. ಆದರೂ ಅದಕ್ಕೆ ಆ ಕಾವು ಎಲ್ಲಿಂದ ಬರುತ್ತದೆಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಹಾರಿದ ಭಾರತದ ಸೂರ್ಯವೀಕ್ಷಣಾ ನೌಕೆ ಆದಿತ್ಯ ಎಲ್-1ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಕೇಂದ್ರದಲ್ಲಿ ರೂಪಿಸಿದ, ಕರೋನಾವನ್ನು ನೋಡುವ ಉಪಕರಣವಾದ ಕರೋನಾಗ್ರಾಫ್ ಇದೆ. ಅದು ಗಮನಿಸಬೇಕಾದ ಗೆರೆಗಳಲ್ಲಿ ಕಬ್ಬಿಣದ ಆ ಹಸಿರು ಗೆರೆಯೂ ಒಂದು.