ಕಂದಾಯ ಬಲ್ಲ ಊರಿಗೆ ಆದಾಯ ತೆರಿಗೆಯ ಕಥೆ

ನಮ್ಮೂರಿನಲ್ಲಿ ಕಂದಾಯ ಎಂದರೆ ಗೊತ್ತಿಲ್ಲದವರಿಲ್ಲ. ಶಾನುಭೋಗರು, ಪಹಣಿ, ಕಂದಾಯದ ರಸೀದಿ ಎಲ್ಲವೂ ಹಿರಿಯರಿಗೆ ಪರಿಚಿತ. ಆದಾಯ ತೆರಿಗೆ ಹಾಗಲ್ಲ. ಈ ಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದಾಗ, ಸಂಬಳದಲ್ಲಿ ಹಿಡಿದುಕೊಂಡ ತೆರಿಗೆಯ ಬಗ್ಗೆ ಕೇಳಲು ನನ್ನ ಮನೆಯಲ್ಲಿ ಯಾರೂ ಇರಲಿಲ್ಲ. ಇಲ್ಲಿಂದ ಹೋದ ಅನೇಕ ರೈತರ ಮಕ್ಕಳ ಅನುಭವವೂ ಇದೇ. ಇದರ ಕಾರಣ ಚರಿತ್ರೆಯಲ್ಲಿದೆ.

1857ರ ದಂಗೆಯನ್ನು ಅಡಗಿಸಲು ಮಾಡಿದ ಖರ್ಚಿನಿಂದ ಬ್ರಿಟಿಷ್ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಅದನ್ನು ಸರಿಪಡಿಸಲು ಇಂಗ್ಲೆಂಡಿನಿಂದ ಬಂದವನು ಜೇಮ್ಸ್ ವಿಲ್ಸನ್. ಟೋಪಿ ತಯಾರಿಸುವ ವ್ಯಾಪಾರದಿಂದ ಮೇಲೆ ಬಂದ ಈತ ‘ದಿ ಎಕನಾಮಿಸ್ಟ್’ ಪತ್ರಿಕೆಯ ಸ್ಥಾಪಕ. 1860ರ ಫೆಬ್ರವರಿ 18ರಂದು ಬಜೆಟ್ ಮಂಡಿಸಿ ಆದಾಯ ತೆರಿಗೆಯನ್ನು ಸೂಚಿಸಿದ. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯಕ್ಕೆ ತೆರಿಗೆಯಿಲ್ಲ, 500ರವರೆಗೆ ಶೇ. 2, ಅದಕ್ಕಿಂತ ಹೆಚ್ಚಿದ್ದರೆ ಶೇ. 4. ಇದನ್ನು ಬಹಿರಂಗವಾಗಿ ವಿರೋಧಿಸಿದ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಹುದ್ದೆಯನ್ನೇ ಕಳೆದುಕೊಂಡ. ವಿಲ್ಸನ್ ಅದೇ ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. 1865ರಲ್ಲಿ ತೆರಿಗೆಯೂ ನಿಂತಿತು.

ನಮ್ಮೂರಿಗೆ ಮುಖ್ಯವಾದದ್ದು 1886ರ ಕಾಯ್ದೆ. ಆದಾಯ ತೆರಿಗೆಯನ್ನು ಶಾಶ್ವತಗೊಳಿಸಿದ ಈ ಕಾಯ್ದೆ ಕೃಷಿ ಆದಾಯವನ್ನು ಹೊರಗಿಟ್ಟಿತು. ಭೂಮಿಯವರು ಕಂದಾಯ ಕಟ್ಟುತ್ತಲೇ ಇದ್ದರಲ್ಲ! ಮುಂದೆ ನಮ್ಮ ಸಂವಿಧಾನವೂ ಕೃಷಿ ಆದಾಯದ ಮೇಲಿನ ತೆರಿಗೆಯನ್ನು ರಾಜ್ಯಗಳಿಗೆ ಬಿಟ್ಟಿತು. ಹೀಗೆ ಬೇಸಾಯದ ಮನೆಗಳಿಗೆ ಈ ತೆರಿಗೆಯ ಪರಿಚಯವೇ ಆಗಲಿಲ್ಲ. ಆದರೆ ಸಂಬಳದ ಜೊತೆ ಜಮೀನಿನ ಆದಾಯವೂ ಇರುವವರು ಅದನ್ನು ರಿಟರ್ನಿನಲ್ಲಿ ತೋರಿಸಬೇಕು.

ಮೈಸೂರು ಸಂಸ್ಥಾನಕ್ಕೆ 1923ರ ತನ್ನದೇ ಕಾಯ್ದೆಯಿತ್ತು. 1950ರ ಏಪ್ರಿಲ್ 1ರಿಂದ ಭಾರತದ ಕಾಯ್ದೆ ಇಲ್ಲಿಗೂ ಬಂತು. ನಂತರದ 1961ರ ಕಾಯ್ದೆ ಆರು ದಶಕ ನಡೆಯಿತು. ಅದರ ಜಾಗಕ್ಕೆ 2025ರ ಹೊಸ ಕಾಯ್ದೆಯನ್ನು ತಂದು, 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ನಿಗದಿ ಮಾಡಲಾಗಿದೆ.

ನಮ್ಮ ಶಾಲೆ ಆರಂಭವಾಗುವುದಕ್ಕೆ ಸ್ವಲ್ಪ ಮೊದಲು, 1973-74ರಲ್ಲಿ, ಅತಿ ಹೆಚ್ಚಿನ ದರ ಸರ್‌ಚಾರ್ಜ್ ಸೇರಿ ಶೇ. 97.75 ಇತ್ತು! ಹಾಗೆಂದು ನೂರು ರೂಪಾಯಿ ದುಡಿದವನ ಕೈಗೆ ಎರಡೇ ಕಾಲು ರೂಪಾಯಿ ಉಳಿಯುತ್ತಿತ್ತು ಎಂದಲ್ಲ. ವರ್ಷಕ್ಕೆ 2 ಲಕ್ಷ ದಾಟಿದ ಭಾಗಕ್ಕೆ ಮಾತ್ರ ಆ ದರ. ಅಷ್ಟಿದ್ದರೂ ತೆರಿಗೆ ತಪ್ಪಿಸುವ ಚಟ ಬೆಳೆಯಿತು. ದರ ಇಳಿಸಿ ಎಂದು ವಾಂಛೂ ಸಮಿತಿ 1971ರಲ್ಲೇ ಹೇಳಿತ್ತು. 1985ರಲ್ಲಿ ಅದು ಶೇ. 50ಕ್ಕೆ, 1997ರಲ್ಲಿ ಶೇ. 30ಕ್ಕೆ ಇಳಿಯಿತು.

‘ಭಾಗಕ್ಕೆ ಮಾತ್ರ’ ಎಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕು. ಸಂಬಳ ಹೆಚ್ಚಾಗಿ ಮೇಲಿನ ಹಂತಕ್ಕೆ ಹೋದರೆ ಪೂರ್ತಿ ಸಂಬಳಕ್ಕೂ ಹೆಚ್ಚಿನ ದರ ಬೀಳುತ್ತದೆ ಎಂದು ಹೆದರುವವರಿದ್ದಾರೆ. ಲೆಕ್ಕ ನೋಡಿ. 2025-26ರ ಹೊಸ ಪದ್ಧತಿಯಲ್ಲಿ ಒಬ್ಬರ ಸಂಬಳ 15 ಲಕ್ಷ ಎನ್ನೋಣ. ಎಲ್ಲ ನೌಕರರಿಗೂ ಸಿಗುವ 75,000 ಕಡಿತ ಕಳೆದರೆ ಉಳಿದದ್ದು 14,25,000. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ. 5ರಂತೆ 20,000. ಅದರ ಮುಂದಿನ 4 ಲಕ್ಷಕ್ಕೆ ಶೇ. 10ರಂತೆ 40,000. ಉಳಿದ 2,25,000ಕ್ಕೆ ಶೇ. 15ರಂತೆ 33,750. ಒಟ್ಟು 93,750, ಅದರ ಮೇಲೆ ಶೇ. 4ರ ಸೆಸ್ 3,750 ಸೇರಿ 97,500. ತೆರಿಗೆಗೆ ಒಳಪಡುವ ಸಂಬಳ 12 ಲಕ್ಷದೊಳಗಿದ್ದರೆ ರಿಯಾಯಿತಿಯಿಂದಾಗಿ ತೆರಿಗೆಯೇ ಇಲ್ಲ.

ಇಂದು ದೇಶದ ಮೂಲೆಮೂಲೆಯಿಂದ ಆನ್‌ಲೈನ್‌ನಲ್ಲಿ ಸಲ್ಲಿಸುವ ರಿಟರ್ನುಗಳು ಪರಿಶೀಲನೆಗೆ ಬರುವುದು ನಮ್ಮ ಬೆಂಗಳೂರಿನ ಕೇಂದ್ರಕ್ಕೇ. ಕಂಪನಿ ಸಂಬಳದಲ್ಲಿ ಹೆಚ್ಚು ಹಿಡಿದಿದ್ದರೆ, ರಿಟರ್ನ್ ಸಲ್ಲಿಸಿದರೆ ಹಣ ವಾಪಸ್ ಬರುತ್ತದೆ. ಆದರೆ ಇಲ್ಲದ ಮನೆ ಬಾಡಿಗೆ, ಕೊಡದ ದೇಣಿಗೆ ತೋರಿಸಿ ದೊಡ್ಡ ಮೊತ್ತ ತಂದುಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ನೋಟಿಸ್ ಬರುವುದು ಅವರಿಗಲ್ಲ, ನಿಮಗೆ.

ಎಂಟನೆಯ ತರಗತಿಯ ಶೇಕಡಾ ಲೆಕ್ಕ ಬಂದರೆ ಇಷ್ಟೂ ಅರ್ಥವಾಗುತ್ತದೆ. ಅದನ್ನು ನಮ್ಮ ಗುರುಗಳು ಇದೇ ಕೊಠಡಿಗಳಲ್ಲಿ ಕಲಿಸಿದ್ದಾರೆ. ಮೊದಲ ಸಂಬಳ ಪಡೆಯುವ ತಮ್ಮ ತಂಗಿಯರಿಗೆ ಈ ಲೆಕ್ಕ ಹೇಳಿಕೊಡುವ ಕೆಲಸ ಹಳೆಯ ವಿದ್ಯಾರ್ಥಿಗಳಾದ ನಮ್ಮದಾಗಲಿ.