ಸೆಕೆಂಡ್ ಹ್ಯಾಂಡ್ ಕಾರಿನ ಚರಿತ್ರೆ: ಕಂಪನಿ ಆಮೇಲೆ, ಮೊದಲು ಇಸವಿ ನೋಡಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ರಸ್ತೆ ಬದಿ ನಿಂತಿರೋ ಹಳೇ ಕಾರುಗಳ ನಂಬರ್ ಪ್ಲೇಟ್ ಯಾವತ್ತಾದ್ರೂ ಗಮನಿಸಿದ್ದೀರಾ? ಕೆಎ-14, ಕೆಎ-16, ಕೆಎ-17, ಮೂರೂ ಕಾಣ್ತವೆ. 14 ಅಂದ್ರೆ ಶಿವಮೊಗ್ಗ, 16 ಚಿತ್ರದುರ್ಗ, 17 ದಾವಣಗೆರೆ. ಒಂದೇ ಜಿಲ್ಲೆಯ ಊರುಗಳಲ್ಲಿ ಯಾಕೆ ಮೂರು ನಂಬರು? ಕಾರಣ ಚರಿತ್ರೆ. 1997ರ ಆಗಸ್ಟ್‌ವರೆಗೆ ದಾವಣಗೆರೆ ಅನ್ನೋ ಜಿಲ್ಲೆಯೇ ಇರಲಿಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ಜಗಳೂರು ಚಿತ್ರದುರ್ಗಕ್ಕೆ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ ಹೊಸ ಜಿಲ್ಲೆ ಆಯಿತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಆಗಿದ್ದು ಈಚೆಗೆ.

ನಂಬರ್ ಪ್ಲೇಟಲ್ಲಿ ಇರೋದು ಊರಿನ ಚರಿತ್ರೆ. ಕಾರಿನ ಚರಿತ್ರೆ ಇರೋದು ಆರ್.ಸಿ.ಯಲ್ಲಿ, 'ತಯಾರಾದ ತಿಂಗಳು, ವರ್ಷ' ಅನ್ನೋ ಚಿಕ್ಕ ಸಾಲಿನಲ್ಲಿ. ಇವತ್ತಿನ ಸಂಚಿಕೆ ಆ ಸಾಲಿನ ಬಗ್ಗೆ.

ಈ ನಾಲ್ಕು ಪಟ್ಟಣಕ್ಕೂ ಇವತ್ತಿಗೂ ರೈಲು ಇಲ್ಲ. ರಾತ್ರಿ ಹತ್ತು ಗಂಟೆಗೆ ಅಪ್ಪನಿಗೆ ಎದೆ ನೋವು ಅಂದ್ರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಓಡಬೇಕು. ಹಾಗಾಗಿ ಅಡಿಕೆ ದುಡ್ಡು ಬಂದಾಗ, ಮೆಕ್ಕೆಜೋಳ ಮಾರಿದಾಗ, ಮನೆಯಲ್ಲಿ ಒಬ್ಬರಿಗೆ ಸಂಬಳ ಶುರುವಾದಾಗ ಮೊದಲು ಏಳೋ ಪ್ರಶ್ನೆ ಇದು: "ಮೂರೂವರೆ ಲಕ್ಷ ಐತಿ, ಪೆಟ್ರೋಲ್ ಗಾಡಿ ಸಾಕು, ಸ್ವಿಫ್ಟ್ ತಗೊಳ್ಳಾ, ವ್ಯಾಗನ್ ಆರ್ ತಗೊಳ್ಳಾ?" ನಾನು ಹೇಳೋದು, ಪ್ರಶ್ನೆ ಸ್ವಲ್ಪ ಬದಲಿಸಿ. ಯಾವ ಕಂಪನಿ ಅಂತ ಕೇಳೋಕೆ ಮೊದಲು ಯಾವ ಇಸವಿ ಅಂತ ಕೇಳಿ. ಯಾಕಂದ್ರೆ ಪ್ರತಿ ಕಾರೂ ತಾನು ಹುಟ್ಟಿದ ವರ್ಷದ ಕಾನೂನನ್ನ ಮೈಯೊಳಗೆ ಹೊತ್ತುಕೊಂಡೇ ಬಂದಿರುತ್ತೆ.

ಹಳೇ ಕಾರಿಗೆ ಹೊಸದಕ್ಕಿಂತ ಜಾಸ್ತಿ ರೇಟು ಇದ್ದ ಕಾಲ

1983ರ ಡಿಸೆಂಬರ್ 14. ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800 ಕಾರಿನ ಕೀ ಕೊಟ್ಟರು. ಮೂರು ಸಿಲಿಂಡರ್, 796 ಸಿಸಿ, ಬೆಲೆ ಸುಮಾರು 47,500 ರೂಪಾಯಿ. ಅದುವರೆಗೆ ನಮ್ಮಲ್ಲಿ ಕಾರು ಅಂದ್ರೆ ಹೆಚ್ಚುಕಡಿಮೆ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ. ಮಾರುತಿಗೆ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಅದಕ್ಕೇ ಆಗ ಒಂದು ವಿಚಿತ್ರ ನಡೀತಿತ್ತು. ಈಗಾಗಲೇ ಕೈಗೆ ಬಂದ ಕಾರನ್ನ ಹೊಸ ಕಾರಿನ ಬೆಲೆಗಿಂತ ಹೆಚ್ಚಿಗೆ ಕೊಟ್ಟು ಕೊಳ್ಳೋರಿದ್ದರು. ಸೆಕೆಂಡ್ ಹ್ಯಾಂಡ್ ಅಂದ್ರೆ ಅಗ್ಗ ಅನ್ನೋ ಲೆಕ್ಕ ಆಗ ಇರಲೇ ಇಲ್ಲ.

ಆ ಲೆಕ್ಕ ಬಂದಿದ್ದು ಪೈಪೋಟಿ ಬಂದ ಮೇಲೆ. 1993ರಲ್ಲಿ ಮಾರುತಿ ಝೆನ್ ಬಂತು. 1998ರಲ್ಲಿ ಒಂದರ ಹಿಂದೆ ಒಂದು ಹ್ಯುಂಡೈ ಸ್ಯಾಂಟ್ರೊ, ಡೇವೂ ಮ್ಯಾಟಿಜ್, ಟಾಟಾ ಇಂಡಿಕಾ. 1999ರ ಕೊನೆಗೆ ವ್ಯಾಗನ್ ಆರ್, 2000ದಲ್ಲಿ ಆಲ್ಟೊ. ಹೊಸದು ಬೇಕು ಅನ್ನೋರು ಹಳೇದನ್ನ ಮಾರೋಕೆ ಶುರು ಮಾಡಿದರು. 2001ರಲ್ಲಿ ಮಾರುತಿಯೇ 'ಟ್ರೂ ವ್ಯಾಲ್ಯೂ' ಹೆಸರಲ್ಲಿ ಹಳೇ ಕಾರಿನ ಅಂಗಡಿ ತೆರೆಯಿತು. ಅದೇ ಹೊತ್ತಿಗೆ ಹೊಗೆಯ ನಿಯಮ ಬಿಗಿಯಾಗಿ ಕಾರ್ಬುರೇಟರ್ ಹೋಯಿತು, ಎಂಪಿಎಫ್‌ಐ ಬಂತು. ಚೋಕ್ ಎಳೆದು ಸ್ಟಾರ್ಟ್ ಮಾಡೋದು ಅಲ್ಲಿಗೆ ಮುಗೀತು. ಊರಿನ ಮೆಕ್ಯಾನಿಕ್ ಸ್ಕ್ರೂಡ್ರೈವರಲ್ಲೇ ಟ್ಯೂನ್ ಮಾಡ್ತಿದ್ದ ಕಾಲವೂ ಮುಗೀತು.

ಎಲ್ಲ ಇಂಜಿನ್ನೂ 1,197 ಸಿಸಿ ಯಾಕೆ?

ಸೆಕೆಂಡ್ ಹ್ಯಾಂಡ್ ಆ್ಯಪ್ ತೆಗೆದು ನೋಡಿ. ಸ್ವಿಫ್ಟ್ 1,197 ಸಿಸಿ. ಗ್ರ್ಯಾಂಡ್ ಐ10 1,197. ಟಿಯಾಗೊ 1,199. ಇದು ಕಾಕತಾಳೀಯ ಅಲ್ಲ. 2006ರ ಬಜೆಟ್‌ನಲ್ಲಿ ಅಂದಿನ ಹಣಕಾಸು ಮಂತ್ರಿ ಪಿ. ಚಿದಂಬರಂ ಒಂದು ಗೆರೆ ಎಳೆದರು. ಉದ್ದ 4,000 ಮಿಲಿಮೀಟರ್ ಒಳಗೆ, ಪೆಟ್ರೋಲ್ ಇಂಜಿನ್ 1,200 ಸಿಸಿ ಒಳಗೆ ಇದ್ರೆ ಅದು ಸಣ್ಣ ಕಾರು. ಅದಕ್ಕೆ ಎಕ್ಸೈಸ್ ಸುಂಕ ಶೇ 24ರಿಂದ ಶೇ 16ಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಕಂಪನಿಗಳು ಆ ಗೆರೆಗೆ ಸರಿಯಾಗಿ ಬಟ್ಟೆ ಹೊಲಿದ ಹಾಗೆ ಕಾರು ಹೊಲಿದವು. 2005ರಲ್ಲಿ 1.3 ಲೀಟರ್ ಪೆಟ್ರೋಲ್ ಇಂಜಿನ್ ಜೊತೆ ಬಂದಿದ್ದ ಸ್ವಿಫ್ಟ್ 2010ರಲ್ಲಿ 1.2ಕ್ಕೆ ಇಳಿದಿದ್ದರ ಹಿಂದೆಯೂ ಇದೇ ಗೆರೆ ಇದೆ.

ಆ ಗೆರೆ ಇವತ್ತಿಗೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಇದೇ ಅಳತೆಯ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹೊಸ ಆಲ್ಟೊ ಕೆ10ರ ಆರಂಭಿಕ ಎಕ್ಸ್-ಶೋರೂಂ ಬೆಲೆ ಆಗ 3.70 ಲಕ್ಷದ ಆಸುಪಾಸಿಗೆ ಬಂತು. ನಾನು ಬಿ.ಕಾಂ. ಓದಿದವನು, ಇಲ್ಲಿ ನನಗೆ ಕಾಣೋದು ಚೌಕಾಸಿಗೆ ಒಂದು ಅಸ್ತ್ರ. ಹೊಸದರ ಬೆಲೆ ಇಳಿದ ಮೇಲೂ ಹಳೇ ರೇಟೇ ಹೇಳೋ ಬ್ರೋಕರ್ ಮುಂದೆ ಈ ತಾರೀಕು ನೆನಪಿಸಿ.

ಡೀಸೆಲ್ ಯಾಕೆ ಬೇಡ?

2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ಬೆಲೆಯನ್ನ ಮಾರುಕಟ್ಟೆಗೆ ಬಿಟ್ಟಿತು. ಡೀಸೆಲ್ ಬೆಲೆ ಬಿಟ್ಟಿದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ನಾಲ್ಕು ವರ್ಷ ಎರಡರ ಬೆಲೆಗೂ ದೊಡ್ಡ ಅಂತರ. ಜನ ಮುಗಿಬಿದ್ದು ಡೀಸೆಲ್ ಕಾರು ಕೊಂಡರು. ಆ ಕಾರುಗಳೇ ಈಗ ಅಗ್ಗಕ್ಕೆ ಬರ್ತಿವೆ.

ಲೆಕ್ಕ ಹಾಕೋಣ. ತಿಂಗಳಿಗೆ 500 ಕಿಲೋಮೀಟರ್, ವರ್ಷಕ್ಕೆ 6,000. ಪೆಟ್ರೋಲ್ ಕಾರು ಲೀಟರಿಗೆ 16 ಕೊಡುತ್ತೆ, ಲೀಟರಿಗೆ 103 ರೂಪಾಯಿ ಅಂತ ಇಟ್ಕೊಳ್ಳಿ. ವರ್ಷಕ್ಕೆ 38,625 ರೂಪಾಯಿ. ಡೀಸೆಲ್ ಕಾರು 20 ಕೊಡುತ್ತೆ, ಲೀಟರಿಗೆ 91 ಅಂದ್ರೆ 27,300. ವ್ಯತ್ಯಾಸ 11,325, ಅಂದ್ರೆ ತಿಂಗಳಿಗೆ ಸಾವಿರ ರೂಪಾಯಿಯೂ ಇಲ್ಲ. ಹತ್ತು ವರ್ಷದ ಡೀಸೆಲ್ ಗಾಡಿಯಲ್ಲಿ ಒಂದು ಸಲ ಇಂಜೆಕ್ಟರ್ರೋ ಟರ್ಬೋನೋ ಕೈಕೊಟ್ಟರೆ ಆ ಉಳಿತಾಯ ಅಲ್ಲಿಗೇ ಹೋಯ್ತು. ದಿನಾ ನೂರು ಕಿಲೋಮೀಟರ್ ಬಾಡಿಗೆ ಓಡಿಸೋರ ಲೆಕ್ಕ ಬೇರೆ. ಮನೆ ಮಂದಿಗೆ ಪೆಟ್ರೋಲೇ ಸರಿ.

ಜೀವ ಉಳಿಸೋ ಎರಡು ಇಸವಿ

2014ರ ಜನವರಿ ಕೊನೆಗೆ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನ ಡಿಕ್ಕಿ ಹೊಡೆಸಿ ನೋಡಿದ ಫಲಿತಾಂಶ ಕೊಟ್ಟಿತು. ಆಲ್ಟೊ 800, ಐ10, ಫಿಗೊ, ಪೋಲೊ, ನ್ಯಾನೊ. ಏರ್‌ಬ್ಯಾಗ್ ಇಲ್ಲದ ಬೇಸ್ ಮಾಡೆಲ್‌ಗಳು. ದೊಡ್ಡವರ ರಕ್ಷಣೆಗೆ ಐದಕ್ಕೂ ಸೊನ್ನೆ ಸ್ಟಾರ್.

ಆಮೇಲೆ ಕಾನೂನು ನಿಧಾನಕ್ಕೆ ಎಚ್ಚೆತ್ತಿತು. 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸೋ ಬೀಪ್, ಹಿಂದೆ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. 2021ರ ಡಿಸೆಂಬರ್ ಮುಗಿಯೋ ಹೊತ್ತಿಗೆ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ ಆಯಿತು.

ಇದರ ಅರ್ಥ ಏನು? ಒಂದೇ ಮಾಡೆಲ್, ಒಂದೇ ಬಣ್ಣ, 2018ರದ್ದು ಒಂದು, 2019ರ ಕೊನೆಯದ್ದು ಒಂದು. ಹೊರಗಡೆ ನೋಡೋಕೆ ಅಣ್ಣ-ತಮ್ಮ ಇದ್ದ ಹಾಗೆ. ಆದರೆ ಹೊನ್ನಾಳಿ ರಸ್ತೆಯಲ್ಲಿ ಮಳೆ ಬರ್ತಿರುವಾಗ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ದಿಢೀರ್ ಎದುರಿಗೆ ಕಂಡರೆ? ಎಬಿಎಸ್ ಇಲ್ಲದ ಕಾರಿನ ಚಕ್ರ ಲಾಕ್ ಆಗಿ ಜಾರುತ್ತೆ. ಎಬಿಎಸ್ ಇದ್ರೆ ಬ್ರೇಕ್ ಒತ್ತಿಕೊಂಡೇ ಸ್ಟೇರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಬಹುದು. ಇದಕ್ಕೇ ನಾನು ಆರ್.ಸಿ.ಯ ಆ ಸಾಲನ್ನ ಹಿಡಿದು ಕೂತಿರೋದು. ನೋಂದಣಿ ತಾರೀಕು ಅಲ್ಲ, ತಯಾರಾದ ತಿಂಗಳು ನೋಡಿ. ಸ್ಟಾಕಲ್ಲಿ ಉಳಿದಿದ್ದ ಗಾಡಿ ತಡವಾಗಿ ನೋಂದಣಿ ಆಗಿರಬಹುದು. 2019ರ ಪರೀಕ್ಷೆಯಲ್ಲಿ ವ್ಯಾಗನ್ ಆರ್‌ಗೆ 2 ಸ್ಟಾರ್ ಬಂತು, 2020ರ ಜನವರಿಯಲ್ಲಿ ಟಿಯಾಗೊಗೆ 4. ಅದನ್ನೂ ತೂಕಕ್ಕೆ ಹಾಕಿ.

ಅಗ್ಗದ ಹಿಂದಿನ ಕಾರಣ

ಕೆಲವು ಕಾರು ಒಳ್ಳೇ ಕಂಡೀಷನಲ್ಲಿದ್ದೂ ಅಗ್ಗ ಇರ್ತವೆ. ಅದಕ್ಕೂ ಚರಿತ್ರೆಯೇ ಕಾರಣ. ಶೆವರ್ಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ತಯಾರಿಸೋದು ಬಿಡ್ತೀವಿ ಅಂತು. 2022ರಲ್ಲಿ ಡ್ಯಾಟ್ಸನ್ ಹೋಯಿತು. ಬೀಟ್, ಫಿಗೊ, ರೆಡಿ-ಗೋ ಕೆಟ್ಟ ಕಾರು ಅಂತಲ್ಲ. ಆದರೆ ಜಗಳೂರಲ್ಲಿ ಕೂತು ಒಂದು ಹೆಡ್‌ಲೈಟ್‌ಗೋ ಕ್ಲಚ್ ಪ್ಲೇಟ್‌ಗೋ ಎಷ್ಟು ದಿನ ಕಾಯಬೇಕು ಅಂತ ದಾವಣಗೆರೆಯ ಬಿಡಿಭಾಗದ ಅಂಗಡಿಯಲ್ಲಿ ಮೊದಲೇ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.

ದೆಹಲಿ ಗಾಡಿ ಅಗ್ಗಕ್ಕೆ ಬಂದಿದೆ ಅಂತಾರಾ? ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸೋಕೆ ನಿರ್ಬಂಧ ಬಂದಿದ್ದು ಅದಕ್ಕೊಂದು ಕಾರಣ. ಇಲ್ಲಿ ಆ ನಿರ್ಬಂಧ ಇಲ್ಲ. ಆದರೆ ಆ ರಾಜ್ಯದ ಎನ್‌ಒಸಿ ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಅದನ್ನೆಲ್ಲ ಸೇರಿಸಿ ನೋಡಿದರೆ ಎಷ್ಟೋ ಸಲ ಅಗ್ಗ ಅನ್ನೋದು ಉಳಿಯೋದೇ ಇಲ್ಲ.

15 ವರ್ಷಕ್ಕೆ ಹತ್ತಿರ ಇರೋ ನಮ್ಮದೇ ಜಿಲ್ಲೆಯ ಕಾರಿಗೂ ಒಂದು ಲೆಕ್ಕ ಇದೆ. 15 ವರ್ಷ ಆದ ಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ಆರ್.ಸಿ. ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಇನ್ನು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಲ್ಲೇ ಅದಕ್ಕೆ ಚಾಲನೆ ಸಿಕ್ಕಿದ್ದು. ಅದಕ್ಕೆ ಹೊಂದಿಸದ ಹಳೇ ಕಾರುಗಳಲ್ಲಿ ಮೈಲೇಜ್ ಶೇ 6-7 ಕಡಿಮೆ ಆಗಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ತುಂಬಾ ಹಳೇ ಕಾರಾದ್ರೆ ಪೆಟ್ರೋಲ್ ಪೈಪು, ರಬ್ಬರ್ ಸೀಲು ಬಿರುಕು ಬಿಟ್ಟಿವೆಯಾ ಅಂತಾನೂ ನೋಡಿಸಿ.

ಕಾಗದದಲ್ಲಿ ಹೆಸರು ಯಾರದ್ದು?

"ಡಾಕ್ಟರ್ ಓಡಿಸಿದ ಗಾಡಿ ಅಣ್ಣಾ, ಸಿಂಗಲ್ ಓನರ್, ಪಕ್ಕಾ ಐತಿ." ಈ ಮಾತು ಎಲ್ಲರೂ ಕೇಳಿರ್ತೀವಿ. ಮಾತು ಬೇಡ, ಕಾಗದ ಕೇಳಿ. ಕಾರಿನ ಮೇಲೆ ಸಾಲ ಇತ್ತಾ? ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29, ಫಾರಂ 30. ಬರೀ ಸಹಿ ಹಾಕಿದ ಖಾಲಿ ಫಾರಂ ಇಟ್ಕೊಂಡು ವರ್ಷಗಟ್ಟಲೆ ಓಡಿಸೋ ಚಾಳಿ ನಮ್ಮ ಕಡೆ ಇದೆ. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತಾ? ವಾಹನ ಎಷ್ಟೇ ಕೈ ಬದಲಾಗಿರಲಿ, ಅಪಘಾತದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದ್ದೇ. ಹಾಗಾಗಿ ಅಪ್ಪನ ಹಳೇ ಕಾರು ಮಾರುವಾಗಲೂ ಹೆಸರು ಬದಲಾಗಿದೆಯಾ ಅಂತ ನೋಡಿಯೇ ಸುಮ್ಮನಾಗಿ. ಕೊಂಡವರು 14 ದಿನದೊಳಗೆ ಇನ್ಶೂರೆನ್ಸ್ ಹೆಸರನ್ನೂ ಬದಲಾಯಿಸಿಕೊಳ್ಳಿ.

ಕಾರು ನೋಡೋಕೆ ಹೋಗುವಾಗ ಗುರುತಿನ ಮೆಕ್ಯಾನಿಕ್ ಜೊತೆಗಿರಲಿ. ಇಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ. ಸ್ಕ್ಯಾನರ್ ಹಾಕಿಸಿ. ಮೀಟರ್ ತಿರುಗಿಸೋದು ಕಷ್ಟದ ಕೆಲಸ ಏನಲ್ಲ, ಹಾಗಾಗಿ ಸರ್ವಿಸ್ ದಾಖಲೆ ಜೊತೆ ಹೋಲಿಸಿ. ತುಂಗಭದ್ರೆ ಉಕ್ಕಿದರೆ ಹೊನ್ನಾಳಿಯ ತಗ್ಗು ಬೀದಿಗಳಿಗೆ ನೀರು ನುಗ್ಗೋದು ನಿಮಗೆ ಗೊತ್ತೇ ಇದೆ. ಕಾರ್ಪೆಟ್ ಎತ್ತಿ, ಸ್ಟೆಪ್ನಿ ಇಡೋ ಗುಂಡಿಯಲ್ಲಿ ಕೈ ಆಡಿಸಿ. ಅಲ್ಲಿ ಒಣಗಿದ ಕೆಸರು ಸಿಕ್ಕರೆ ವಾಪಸ್ ಬನ್ನಿ.

ಕೊನೆಗೆ ಆ ಮೂರೂವರೆ ಲಕ್ಷದ ಪ್ರಶ್ನೆ. ಒಂದೇ ದುಡ್ಡಿಗೆ 2014ರ ಸ್ವಿಫ್ಟ್ ಟಾಪ್ ಮಾಡೆಲ್ಲೂ ಸಿಗಬಹುದು, 2019ರ ಕೊನೆಯ ಒಂದು ಸಾದಾ ಸಣ್ಣ ಕಾರೂ ಸಿಗಬಹುದು. ಟಾಪ್ ಮಾಡೆಲ್‌ನಲ್ಲಿ ಎಬಿಎಸ್, ಏರ್‌ಬ್ಯಾಗ್ ಎರಡೂ ಇದ್ದು ಕೆಲಸ ಮಾಡ್ತಿದ್ದರೆ ಅದನ್ನೂ ನೋಡಿ, ತಪ್ಪೇನಿಲ್ಲ. ಇಲ್ಲ ಅಂದ್ರೆ ನಾನು ಆ ಸಾದಾ ಕಾರಿಗೇ ಓಟು ಹಾಕ್ತೀನಿ. ಅಲಾಯ್ ವೀಲು, ಮ್ಯೂಸಿಕ್ ಸಿಸ್ಟಮ್ ನಾಳೆ ಹಾಕಿಸಬಹುದು. ಫ್ಯಾಕ್ಟರಿಯಲ್ಲಿ ಬರದ ಏರ್‌ಬ್ಯಾಗನ್ನ ದಾವಣಗೆರೆಯ ಯಾವ ಅಂಗಡಿಯೂ ಆಮೇಲೆ ಹಾಕಿಕೊಡಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗೋ ಗಾಡಿ ಅದು. ಆರ್.ಸಿ. ಕೈಗೆ ತಗೊಂಡು ಆ ತಿಂಗಳು, ಆ ವರ್ಷ ಓದಿ, ಆಮೇಲೆ ರೇಟು ಮಾತಾಡಿ.