ಯಾರ ಲೆಕ್ಕಕ್ಕೆ ಎಷ್ಟು ಮೆಮೊರಿ?

ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ಬಿತ್ತುವವರು ಜೂನ್ ತಿಂಗಳಲ್ಲಿ ಮೊಬೈಲ್ ತೆಗೆದು ನೋಡುವ ಮಳೆ ಮುನ್ಸೂಚನೆಯ ಹಿಂದೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದೊಡ್ಡ ಯಂತ್ರಗಳಿವೆ. ಸಾವಿರಾರು ಪ್ರೊಸೆಸರ್‌ಗಳು ಹಂಚಿಕೊಂಡು ಮಾಡುವ ಲೆಕ್ಕ ಅದು. 2018ರ ಜೂನ್ ಹೊತ್ತಿಗೆ ಈ ಲೆಕ್ಕ ಭೂಮಿಯನ್ನು 12 ಕಿ.ಮೀ. ಚೌಕಗಳಾಗಿ ಕತ್ತರಿಸಿ ನಡೆಯುತ್ತಿತ್ತು. 2025ರ ಮೇ ತಿಂಗಳಲ್ಲಿ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಬಂದ ಮೇಲೆ ಚೌಕ 6 ಕಿ.ಮೀ.ಗೆ ಇಳಿಯಿತು. ಸುಮಾರು 11,000 ಚದರ ಕಿ.ಮೀ. ಇರುವ ಕಲಬುರಗಿ ಜಿಲ್ಲೆಗೆ ಮೊದಲು ಸಿಗುತ್ತಿದ್ದದ್ದು 75ರಷ್ಟು ಚೌಕ, ಈಗ 300ರಷ್ಟು.

ನಮಗೆ ಬೇಕಾದ್ದು ಮೂರು ತಾಲ್ಲೂಕಿನ ಮಳೆ, ಅಷ್ಟನ್ನೇ ಲೆಕ್ಕ ಹಾಕಿದರೆ ಸಾಲದೇ ಎಂದರೆ ಸಾಲದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳಿಗೆ ನುಗ್ಗಿದಾಗ ಮಹಾರಾಷ್ಟ್ರದ ಮಳೆಯ ನೀರೂ ಅದರಲ್ಲಿತ್ತು. ಆ ಮಳೆಯ ಮೋಡಕ್ಕೆ ಮೂಲ ಬಂಗಾಳ ಕೊಲ್ಲಿ. ಹಾಗಾಗಿ ಇಡೀ ಭೂಗೋಳವನ್ನೇ ಮೆಮೊರಿಯಲ್ಲಿ ಹಿಡಿದಿಡಬೇಕು. ಭೂಮಿಯನ್ನು ಸಮನಾಗಿ 12 ಕಿ.ಮೀ. ಚೌಕ ಮಾಡಿ, ಮೇಲಕ್ಕೆ 64 ಪದರ ಇಟ್ಟರೆ ಉಷ್ಣಾಂಶ ಎಂಬ ಒಂದೇ ಒಂದು ಸಂಗತಿಗೆ 1.8 ಗಿಗಾಬೈಟ್ ಬೇಕಾಗುತ್ತದೆ. 6 ಕಿ.ಮೀ.ಗೆ ಇಳಿಸಿದರೆ ಅದು 7.2 ಗಿಗಾಬೈಟ್. ಗಾಳಿ, ತೇವ, ಒತ್ತಡ ಎಲ್ಲಕ್ಕೂ ಇದೇ ದರ. ಇಂಥ ಜಾಬ್ ಎಷ್ಟು ಮೆಮೊರಿ ತಿಂದಿತು ಎಂದು ಅಳೆಯುವ ವಿದ್ಯೆಗೆ ಅರ್ಧ ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ. ಅದರ ಎರಡು ಮುಖ್ಯ ಅಧ್ಯಾಯಗಳು ಬೆಂಗಳೂರಿನಲ್ಲಿ ನಡೆದವು ಎಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ.

ಆರಂಭದಲ್ಲಿ ಅಳತೆಯೇ ಇರಲಿಲ್ಲ, ಬರೀ ಘೋಷಣೆ. ಐಬಿಎಂ 360 ಸರಣಿಯ ದೊಡ್ಡ ಯಂತ್ರಗಳಲ್ಲಿ ಪ್ರೋಗ್ರಾಮ್ ಬರೆದವರು ಇಷ್ಟು ಜಾಗ ಬೇಕೆಂದು ಕಾರ್ಡಿನಲ್ಲಿ ನಮೂದಿಸಬೇಕಿತ್ತು, ಮೀರಿದರೆ ಜಾಬ್ ಬೀಳುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಕೇಂದ್ರ 1970ರಲ್ಲಿ ಇದೇ ಸರಣಿಯ 360/44 ಯಂತ್ರದೊಂದಿಗೆ ಶುರುವಾಯಿತು. ಅಷ್ಟರಲ್ಲೇ, 1968ರಲ್ಲಿ, ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ ‘ವರ್ಕಿಂಗ್ ಸೆಟ್’ ಎಂಬ ಕಲ್ಪನೆ ಮುಂದಿಟ್ಟಿದ್ದರು: ಪ್ರೋಗ್ರಾಮ್ ಕೇಳಿದ ಜಾಗವಲ್ಲ, ಇತ್ತೀಚಿನ ಒಂದು ಅವಧಿಯಲ್ಲಿ ಅದು ನಿಜವಾಗಿ ಮುಟ್ಟಿದ ಪೇಜುಗಳೇ (ಮೆಮೊರಿಯ ಸಮಗಾತ್ರದ ತುಂಡುಗಳೇ) ಅದರ ಅಗತ್ಯ. ಈಗಲೂ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತೊಂದರೆ ಎಂದರೆ ಅದನ್ನು ಅಗ್ಗವಾಗಿ ಅಳೆಯಲು ಬರುವುದಿಲ್ಲ.

ಆಮೇಲೆ ಒಂದೇ ಲೆಕ್ಕವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚುವ ಯಂತ್ರಗಳು ಬಂದವು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ‘ಫ್ಲೋಸಾಲ್ವರ್’ ತಯಾರಾಯಿತು. ದೇಶದ ಮೊದಲ ಪ್ಯಾರಲಲ್ ಕಂಪ್ಯೂಟರ್. ಮುಂದೆ ಮುಂಗಾರಿನ ಲೆಕ್ಕಕ್ಕೂ ಅದರ ಪೀಳಿಗೆಯ ಯಂತ್ರಗಳು ದುಡಿದವು. 1994ರಲ್ಲಿ ನಾಸಾದ ‘ಬಿಯೊವುಲ್ಫ್’ ಬಂದ ಮೇಲಂತೂ ಸಾಧಾರಣ ಪಿಸಿಗಳನ್ನು ಪೋಣಿಸಿ ಕ್ಲಸ್ಟರ್ ಕಟ್ಟುವುದು ಎಲ್ಲೆಡೆ ರೂಢಿಯಾಯಿತು. ಅಳತೆಯ ತೊಡಕು ಹುಟ್ಟಿದ್ದೇ ಇಲ್ಲಿ. ‘ಗ್ಯಾಂಗ್ಲಿಯಾ’ದಂಥ ಸಾಧನಗಳು ನೋಡ್‌ನಲ್ಲಿ, ಅಂದರೆ ಕ್ಲಸ್ಟರ್‌ನ ಒಂದೊಂದು ಯಂತ್ರದಲ್ಲಿ, ಎಷ್ಟು ಮೆಮೊರಿ ಖರ್ಚಾಗಿದೆ ಎಂದು ಚಂದದ ಗ್ರಾಫ್ ಬಿಡಿಸಿ ತೋರಿಸುತ್ತಿದ್ದವು. ಒಂದೇ ನೋಡ್ ಮೇಲೆ ನಾಲ್ವರ ಜಾಬ್ ಇದ್ದರೆ ಯಾರದ್ದೆಷ್ಟು ಎಂದು ಆ ಗ್ರಾಫ್ ಹೇಳುತ್ತಿರಲಿಲ್ಲ.

ಒಂದೊಂದು ಪ್ರೊಸೆಸ್‌ನ ಆರ್‌ಎಸ್‌ಎಸ್, ಅಂದರೆ ಸದ್ಯ ರ‍್ಯಾಮ್‌ನಲ್ಲಿ ಕೂತಿರುವ ಪಾಲು, ನೋಡಿ ಕೂಡಿಸಿದರಾಯಿತಲ್ಲ? ಆಗುವುದಿಲ್ಲ. ಒಂದೇ ಲೈಬ್ರರಿಯನ್ನು ಇಪ್ಪತ್ತನಾಲ್ಕು ಪ್ರೊಸೆಸ್‌ಗಳು ಹಂಚಿಕೊಂಡಿದ್ದರೆ ಅದು ಇಪ್ಪತ್ತನಾಲ್ಕು ಸಲ ಲೆಕ್ಕಕ್ಕೆ ಬರುತ್ತದೆ. ಅಣ್ಣತಮ್ಮಂದಿರ ಜಂಟಿ ಹೊಲವನ್ನು ಪ್ರತಿಯೊಬ್ಬನ ಪಹಣಿಯಲ್ಲೂ ಪೂರ್ತಿ ವಿಸ್ತೀರ್ಣಕ್ಕೇ ಬರೆದು, ಆಮೇಲೆ ಊರಿನ ಎಕರೆ ಕೂಡಿಸಿದ ಹಾಗೆ. ಇದಕ್ಕೆ ಮದ್ದಾಗಿ ಬಂದದ್ದು ಪಿಎಸ್‌ಎಸ್. ಹಂಚಿಕೊಂಡ ಪೇಜನ್ನು ಹಂಚಿಕೊಂಡವರ ಸಂಖ್ಯೆಯಿಂದ ಭಾಗಿಸಿ ಪಾಲು ಹಾಕುವ ಲೆಕ್ಕ. 2008ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 2.6.25 ಆವೃತ್ತಿಯಲ್ಲಿ ಅದು ಸೇರಿತು. ಲೆಕ್ಕ ನ್ಯಾಯವಾದದ್ದು, ಆದರೆ ದುಬಾರಿ: ಪ್ರತಿ ಸಲವೂ ಪ್ರೊಸೆಸ್‌ನ ಪೇಜ್ ಟೇಬಲ್ ಪೂರ್ತಿ ಓದಬೇಕು.

ಅದೇ 2.6.25ರಲ್ಲಿ ಇನ್ನೊಂದು ಬಗೆಯ ಉತ್ತರವೂ ಬಂತು. ಗೂಗಲ್‌ನ ಪಾಲ್ ಮೆನಾಜ್ ಮತ್ತು ರೋಹಿತ್ ಸೇಠ್ ಶುರು ಮಾಡಿದ ‘ಸಿಗ್ರೂಪ್’, ಒಂದು ಜಾಬ್‌ನ ಪ್ರೊಸೆಸ್‌ಗಳನ್ನೆಲ್ಲ ಒಂದು ಗುಂಪಿಗೆ ಸೇರಿಸುವ ವ್ಯವಸ್ಥೆ, ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್ ಸೇರಿತ್ತು. ಆ ಗುಂಪಿಗೆ ಮೆಮೊರಿಯ ಲೆಕ್ಕ ಬರೆಯುವ ಭಾಗವನ್ನು ಮುನ್ನಡೆಸಿದವರು ಐಬಿಎಂನ ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದ ಬಲ್ಬೀರ್ ಸಿಂಗ್. ಇಲ್ಲಿ ಹೊರಗಿನಿಂದ ಇಣುಕಿ ನೋಡುವುದಿಲ್ಲ. ಕರ್ನೆಲ್ ಒಂದು ಪೇಜ್ ಕೊಡುವ ಕ್ಷಣದಲ್ಲೇ ಅದನ್ನು ಆ ಗುಂಪಿನ ಖಾತೆಗೆ ಖರ್ಚು ಹಾಕುತ್ತದೆ. ಹಂಚಿಕೊಂಡ ಪೇಜ್ ಯಾರ ಖಾತೆಗೆ? ಮೊದಲು ಮುಟ್ಟಿದವರ ಖಾತೆಗೆ, ಪೂರ್ತಿಯಾಗಿ. ನ್ಯಾಯದ ದೃಷ್ಟಿಯಿಂದ ಪಿಎಸ್‌ಎಸ್‌ಗಿಂತ ಇದು ಕಚ್ಚಾ. ಆದರೂ ಗೆದ್ದದ್ದು ಇದೇ, ಏಕೆಂದರೆ ಇದು ಅಗ್ಗ, ಮತ್ತು ಮಿತಿ ಹಾಕಿ ಅಲ್ಲೇ ತಡೆಯಲೂ ಬರುತ್ತದೆ. ಪ್ರೋಗ್ರಾಮ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಇವತ್ತಿನ ಡಾಕರ್, ಕುಬರ್ನೆಟಿಸ್ ಎಲ್ಲವೂ ನಿಂತಿರುವುದು ಈ ಖಾತೆಯ ಮೇಲೆ. ಫೈಲ್ ಓದುವಾಗ ತುಂಬುವ ಪೇಜ್ ಕ್ಯಾಶೆ ಕೂಡ ಇದರಲ್ಲೇ ಸೇರುತ್ತದೆ. ದೊಡ್ಡ ಫೈಲ್ ಓದಿದ ಸಣ್ಣ ಪ್ರೋಗ್ರಾಮ್ ದೈತ್ಯನಂತೆ ಕಾಣುವುದು ಅದಕ್ಕೇ. ಈ ಗೊಂದಲ ಇನ್ನೂ ಪೂರ್ತಿ ಹೋಗಿಲ್ಲ.

ಹೆಚ್ಚುಕಮ್ಮಿ ಅದೇ ಕಾಲಕ್ಕೆ ಯಾಹೂವಿನ ಬೆಂಗಳೂರು ಕಚೇರಿಯ ಇಂಜಿನಿಯರುಗಳು, ದೊಡ್ಡ ಡೇಟಾವನ್ನು ಹಲವು ಯಂತ್ರಗಳಿಗೆ ಹಂಚಿ ಸಂಸ್ಕರಿಸುವ ‘ಹಡೂಪ್’ನಲ್ಲಿ, ಇದೇ ಸಮಸ್ಯೆಯ ಇನ್ನೊಂದು ತುದಿ ಹಿಡಿದಿದ್ದರು. ಒಬ್ಬ ಬಳಕೆದಾರನ ಟಾಸ್ಕ್ ಮೆಮೊರಿ ನುಂಗಿ ಇಡೀ ನೋಡ್ ಉರುಳಿಸುತ್ತಿತ್ತು. ಅವರ ಪರಿಹಾರ: ಕೆಲವು ಸೆಕೆಂಡಿಗೊಮ್ಮೆ ಪ್ರೊಸೆಸ್‌ಗಳ ಇಡೀ ವಂಶವೃಕ್ಷ ಓದಿ, ಮೊತ್ತ ಮಿತಿ ಮೀರಿದ್ದರೆ ಕೊಲ್ಲುವುದು. ಇದರಲ್ಲೊಂದು ಸೂಕ್ಷ್ಮವಿತ್ತು. ಜಾವಾ ಪ್ರೊಸೆಸ್ ಇನ್ನೊಂದನ್ನು ಹುಟ್ಟಿಸುವಾಗ ಕ್ಷಣಕಾಲ ತನ್ನ ಪಡಿಯಚ್ಚನ್ನೇ ಎತ್ತುತ್ತದೆ. ಆ ಹೊತ್ತಿಗೆ ಓದಿದರೆ ಬಳಕೆ ಇಮ್ಮಡಿಯಾಗಿ ಕಾಣುತ್ತದೆ. ಹಾಗಾಗಿ ನಿಯಮ ಹೀಗಾಯಿತು: ಮೊತ್ತ ಮಿತಿಯ ಎರಡು ಪಟ್ಟು ದಾಟಿದರೆ ತಕ್ಷಣ ಕೊಲ್ಲು; ಇಲ್ಲದಿದ್ದರೆ ಹಿಂದಿನ ಸುತ್ತಿನಲ್ಲೂ ಇದ್ದ ಪ್ರೊಸೆಸ್‌ಗಳನ್ನಷ್ಟೇ ಕೂಡಿಸಿ, ಅವೇ ಮಿತಿ ಮೀರಿದ್ದರೆ ಕೊಲ್ಲು. ಅನುಭವದಿಂದ ಹುಟ್ಟಿದ ಇಂಥ ಜಾಣತನ ಪಠ್ಯಪುಸ್ತಕದಲ್ಲಿ ಸಿಗದು. ಈ ಕೋಡ್ ಮುಂದೆ ಹಡೂಪ್‌ನ ಸಂಪನ್ಮೂಲ ಹಂಚುವ ಭಾಗವಾದ ‘ಯಾರ್ನ್’ಗೂ ಬಂತು. 2013ರ ಯಾರ್ನ್ ಪ್ರಬಂಧದ ಮೊದಲ ಲೇಖಕ ವಿನೋದ್ ಕುಮಾರ್ ವಾವಿಲಪಲ್ಲಿ ಅದೇ ತಂಡದಿಂದ ಬಂದವರು. ವರ್ಚುವಲ್ ಮೆಮೊರಿಗೂ ಮಿತಿ ಇಟ್ಟದ್ದು ಮಾತ್ರ ಎಡವಟ್ಟಾಯಿತು. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಪ್ರತಿ ಥ್ರೆಡ್‌ಗೂ ವಿಳಾಸದ ಜಾಗ ಕಾಯ್ದಿರಿಸಲು ತೊಡಗಿದ ಮೇಲೆ, ರ‍್ಯಾಮ್ ಮುಟ್ಟದೆ ಸುಮ್ಮನಿದ್ದ ಟಾಸ್ಕ್‌ಗಳೂ ಬಲಿಯಾದವು.

ವಿಜ್ಞಾನದ ಕ್ಲಸ್ಟರ್‌ಗಳದ್ದು ಬೇರೆ ದಾರಿ. ಅಲ್ಲಿ ‘ಸ್ಲರ್ಮ್’ ಎಂಬ ಶೆಡ್ಯೂಲರ್‌ನದೇ ಕಾರುಬಾರು. ಅದು ತಾನಾಗಿ ಮಾದರಿ ತೆಗೆಯುವುದು 30 ಸೆಕೆಂಡಿಗೊಮ್ಮೆ. ನಡುವೆ ಐದು ಸೆಕೆಂಡ್ ಉಕ್ಕಿ ಇಳಿದದ್ದು ದಾಖಲೆಗೇ ಬಾರದಿರಬಹುದು. ಸರಾಸರಿಯಂತೂ ದಾರಿ ತಪ್ಪಿಸುತ್ತದೆ. ಹವಾಮಾನದ ಜಾಬ್‌ನಲ್ಲಿ ಭೂಗೋಳದ ತುಣುಕುಗಳು ನೂರಾರು ನೋಡ್‌ಗಳಲ್ಲಿ ಹರಡಿರುತ್ತವೆ. ಫಲಿತಾಂಶ ಬರೆಯುವಾಗ ಎಲ್ಲವನ್ನೂ ಒಂದೇ ಪ್ರೊಸೆಸ್‌ಗೆ ಗುಡ್ಡೆ ಹಾಕುವ ಹಳೆಯ ಪದ್ಧತಿಯಿದ್ದರೆ, ಮೇಲೆ ಹೇಳಿದ 7.2 ಗಿಗಾಬೈಟ್ ಒಂದೇ ಕಡೆ ಬೀಳುತ್ತದೆ. 2015ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದ ‘ಸಹಸ್ರ ಟಿ’ ಯಂತ್ರದ ನೋಡ್‌ನಲ್ಲಿ 24 ಕೋರ್‌ಗೆ 128 ಗಿಗಾಬೈಟ್, ಅಂದರೆ ಕೋರ್‌ಗೆ 5.3. ಉಳಿದೆಲ್ಲ ನೋಡ್‌ಗಳಲ್ಲಿ ಜಾಗ ಖಾಲಿ ಬಿದ್ದಿದ್ದರೂ ಒಂದು ಪ್ರೊಸೆಸ್ ತನ್ನ ಪಾಲು ಮೀರಿ ಜಾಬ್ ಸಾಯಬಹುದು. ನೋಡಬೇಕಾದ್ದು ಪ್ರತಿ ಟಾಸ್ಕ್‌ನ ಗರಿಷ್ಠ ಮಟ್ಟ. ಸಿಗ್ರೂಪ್‌ನ ಎರಡನೇ ಆವೃತ್ತಿ 2016ರಲ್ಲೇ ಬಂದರೂ ಈ ಗರಿಷ್ಠವನ್ನು ಕರ್ನೆಲ್ಲೇ ನೆನಪಿಡುವ ಸವಲತ್ತು ಅದಕ್ಕೆ ಸಿಕ್ಕದ್ದು 2022ರಲ್ಲಿ. ಇಷ್ಟು ತಡವೇಕೋ!

ಈಚಿನ ಕೆಲಸ ಅಳತೆಯಿಂದ ಅಂದಾಜಿನ ಕಡೆ ಹೊರಳಿದೆ. ಮನುಷ್ಯರು ಭಯಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಕೇಳುತ್ತಾರೆ. ಗೂಗಲ್ 2020ರಲ್ಲಿ ಪ್ರಕಟಿಸಿದ ‘ಆಟೋಪೈಲಟ್’ ಪ್ರಬಂಧದ ಪ್ರಕಾರ, ಕೈಯಾರೆ ಮಿತಿ ಇಟ್ಟ ಜಾಬ್‌ಗಳಲ್ಲಿ ಕೇಳಿದ್ದರ ಶೇ. 46 ವ್ಯರ್ಥ, ಹಿಂದಿನ ಬಳಕೆ ನೋಡಿ ಯಂತ್ರವೇ ಇಟ್ಟಲ್ಲಿ ಶೇ. 23. 2018ರ ಕೊನೆಗೆ ಲಿನಕ್ಸ್‌ಗೆ ಸೇರಿದ ‘ಪಿಎಸ್‌ಐ’ ಇನ್ನೂ ಬೇರೆಯೇ ಪ್ರಶ್ನೆ ಕೇಳುತ್ತದೆ: ಎಷ್ಟು ಬಳಸಿದೆ ಎಂದಲ್ಲ, ಮೆಮೊರಿ ಸಾಲದೆ ಎಷ್ಟು ಹೊತ್ತು ಕಾದೆ ಎಂದು. ಡೆನ್ನಿಂಗ್ ಹೇಳಿದ ಅಗತ್ಯಕ್ಕೆ ಅತಿ ಹತ್ತಿರ ಬಂದ ಅಳತೆ ಇದೇ ಎಂದು ನನಗನ್ನಿಸುತ್ತದೆ.

ದಿನವೂ ಒಂದೇ ಆಕಾರದಲ್ಲಿ ಓಡುವ ಹವಾಮಾನದ ಜಾಬ್‌ಗೆ ಹಿಂದಿನ ಬಳಕೆಯಿಂದ ಅಂದಾಜು ಮಾಡುವುದು ಸಲೀಸು. ನಿನ್ನೆಯ ಗರಿಷ್ಠವೇ ಇವತ್ತಿನದೂ. ಚೌಕ 12ರಿಂದ 6ಕ್ಕೆ ಇಳಿದ ದಿನ ಮಾತ್ರ ವರ್ಷಗಟ್ಟಲೆ ಕೂಡಿಟ್ಟ ಆ ಅಂಕಿಗಳನ್ನು ಹಾಗೇ ಬಳಸಲು ಬರುವುದಿಲ್ಲ. ನಾಲ್ಕು ಪಟ್ಟು ಎಂಬ ಸರಳ ಗುಣಾಕಾರವೂ ಪೂರ್ತಿ ಹೊಂದುವುದಿಲ್ಲ. ತುಣುಕುಗಳ ಅಂಚಿನ ನಕಲು, ಸಂದೇಶಗಳ ಬಫರ್, ಫಲಿತಾಂಶ ಬರೆಯುವ ಪ್ರೊಸೆಸ್‌ನ ಗುಡ್ಡೆ ಒಂದೊಂದೂ ಬೇರೆ ಬೇರೆ ದರದಲ್ಲಿ ಬೆಳೆಯುತ್ತವೆ, ಪ್ರತಿಯೊಂದನ್ನೂ ಮತ್ತೆ ಅಳೆಯಬೇಕಾಗುತ್ತದೆ.